ಡೊಂಬಿವಲಿಯಲ್ಲಿ ಮನೆ, ನೆರೂಲಿನಲ್ಲಿ ಕಾಲೇಜು: ರೂಮು ಮಾಡಬೇಕೆ?

ಸಿಇಟಿ ಫಲಿತಾಂಶ ಬಂದು ಕಾಲೇಜು ಆಯ್ಕೆಯ ಕ್ಯಾಪ್ ರೌಂಡು ಶುರುವಾದರೆ ಡೊಂಬಿವಲಿ, ಕಲ್ಯಾಣ, ಥಾಣೆಯ ಕನ್ನಡ ಮನೆಗಳಲ್ಲಿ ಪ್ರತಿವರ್ಷ ಇದೇ ಚರ್ಚೆ. ನೆರೂಲ್, ವಾಶಿ, ಐರೋಲಿ, ಕೋಪರ್‌ಖೈರಣೆ, ಹೊಸ ಪನ್ವೇಲ್ ಎಂದು ಇಂಜಿನಿಯರಿಂಗ್ ಕಾಲೇಜುಗಳೆಲ್ಲ ನವಿಮುಂಬಯಿಯ ಕಡೆಗೇ ಹೆಚ್ಚು. ಸೀಟು ಅಲ್ಲಿ ಸಿಕ್ಕಿತು. ಇನ್ನು ದಿನಾ ಲೋಕಲ್‌ನಲ್ಲಿ ಓಡಾಡುವುದೋ, ಕಾಲೇಜಿನ ಪಕ್ಕ ಹಾಸ್ಟೆಲ್ಲೋ ಪಿ.ಜಿ.ಯೋ ಹಿಡಿಯುವುದೋ? ಸ್ವಂತ ಮನೆ ಇರುವಾಗ ಬಾಡಿಗೆ ಯಾಕೆ ಎನ್ನುವುದು ಹಿರಿಯರ ವಾದ. ಹೀಗೆ ಓಡಾಡಿದರೆ ಕಾಲೇಜು ಜೀವನವೆಲ್ಲ ಗಾಡಿಯಲ್ಲೇ ಮುಗಿಯುತ್ತದೆ ಎನ್ನುವುದು ಮಕ್ಕಳದು.

ಪರ

ರೂಮು ಬೇಕು ಎನ್ನುವವರ ಪರವಾಗಿ ಮೊದಲು ಮಾತಾಡುವುದು ಗಡಿಯಾರ. ಡೊಂಬಿವಲಿಯಿಂದ ಥಾಣೆಗೆ ಫಾಸ್ಟ್ ಸಿಕ್ಕರೆ ಸುಮಾರು 20 ನಿಮಿಷ, ಅಲ್ಲಿಂದ ನೆರೂಲಿಗೆ ಅರ್ಧ ಗಂಟೆ. ಆದರೆ ಈ ಲೆಕ್ಕ ಟೈಮ್‌ಟೇಬಲ್‌ನದು. ಮನೆಯಿಂದ ಸ್ಟೇಷನ್ನಿಗೆ ರಿಕ್ಷಾ, ಹತ್ತಲಾಗದೆ ಬಿಟ್ಟ ಒಂದೆರಡು ಗಾಡಿ, ಥಾಣೆಯಲ್ಲಿ ಇಳಿದು ಸೇತುವೆ ಹತ್ತಿ 9–10ನೇ ಪ್ಲಾಟ್‌ಫಾರ್ಮಿಗೆ ನುಗ್ಗುವುದು, ಎಲ್ಲ ಸೇರಿದರೆ ಒಂದೂವರೆ ಗಂಟೆಗೆ ಮೋಸವಿಲ್ಲ. ಹೋಗಿ ಬರಲು ಮೂರು ಗಂಟೆ, ವಾರಕ್ಕೆ 15, ಹದಿನಾರು ವಾರದ ಒಂದು ಸೆಮಿಸ್ಟರಿಗೆ 240 ಗಂಟೆ. ಮೂರು ಕ್ರೆಡಿಟ್‌ನ ಒಂದು ವಿಷಯಕ್ಕೆ ಇಡೀ ಸೆಮಿಸ್ಟರಿನಲ್ಲಿ ನಡೆಯುವ ಪಾಠ 50 ಗಂಟೆಯನ್ನೂ ಮುಟ್ಟುವುದಿಲ್ಲ. ಅಂದರೆ ಐದು ವಿಷಯಗಳ ಪಾಠದಷ್ಟು ಹೊತ್ತು ಗಾಡಿಗೇ ಹೋಯಿತು. ಥಾಣೆಯಲ್ಲಿ ಗಾಡಿ ಬದಲಿಸುವ ಪಾಡು ತಪ್ಪಿಸಬೇಕಿದ್ದ ಕಳವಾ–ಐರೋಲಿ ಎತ್ತರದ ಮಾರ್ಗಕ್ಕೆ 2016ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಅದರ ಭಾಗವಾದ ದೀಘಾ ಗಾಂವ್ ಸ್ಟೇಷನ್ 2024ರ ಜನವರಿಯಲ್ಲಿ ತೆರೆಯಿತು. ಕಲ್ಯಾಣದ ಗಾಡಿಯನ್ನು ನೇರ ಅತ್ತ ತಿರುಗಿಸುವ ಹಳಿ ಮಾತ್ರ ಪುನರ್ವಸತಿಯ ಗೋಜಲಿನಲ್ಲಿ ಸಿಕ್ಕಿಕೊಂಡಿತು. ಇನ್ನು ಜೀವಭಯ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಬಳಿ ಬಾಗಿಲಲ್ಲಿ ಜೋತುಬಿದ್ದಿದ್ದವರು ಹಳಿಗೆ ಬಿದ್ದು ಕನಿಷ್ಠ ನಾಲ್ವರು ಸತ್ತ ಮೇಲೆ, ಮಗುವನ್ನು ಅದೇ ಹೊತ್ತಿನ ಗಾಡಿ ಹತ್ತಿಸುವ ತಾಯಿಗೆ ಧೈರ್ಯ ಹೇಳುವುದು ಕಷ್ಟ.

ಅದಕ್ಕಿಂತ ದೊಡ್ಡ ನಷ್ಟ ಸಂಜೆಯದು. ಇಂಜಿನಿಯರಿಂಗ್ ಕಲಿಕೆಯ ಒಳ್ಳೆಯ ಪಾಲು ನಡೆಯುವುದು ಕೊನೆಯ ಲೆಕ್ಚರ್ ಮುಗಿದ ಮೇಲೆ: ರೇಸಿಂಗ್ ತಂಡದ ಹುಡುಗರು ಚಾಸಿಗೆ ವೆಲ್ಡಿಂಗ್ ಮಾಡುವಾಗ, ಓಡದ ಕೋಡಿನ ಮುಂದೆ ಸೀನಿಯರ್ ಒಬ್ಬ ಕುರ್ಚಿ ಎಳೆದು ಕೂತಾಗ. ನಾಲ್ಕೂವರೆಗೆ ಬ್ಯಾಗು ಹೆಗಲಿಗೇರಿಸಿ 5.02ರ ಗಾಡಿಗೆ ಓಡುವವನಿಗೆ ಇದೆಲ್ಲ ಎಲ್ಲಿಂದ ಬರಬೇಕು? ಹಾಸ್ಟೆಲಿನಲ್ಲೇ ಇದ್ದು ಓದುವ ಪವಾಯಿಯ ಐಐಟಿಯನ್ನೋ ಸುರತ್ಕಲ್ಲಿನ ಎನ್‌ಐಟಿಕೆಯನ್ನೋ ನೋಡಿ ಎಂದು ಪರವಾದಿಗಳು ಬೆರಳು ತೋರಿಸುವುದು ಇಲ್ಲಿಯೇ. ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರ ಕತೆ ಹೇಳಿ ಹಿರಿಯರು ಬಾಯಿ ಮುಚ್ಚಿಸುತ್ತಾರೆ ನಿಜ. ಆದರೆ ಆ ಹುಡುಗರಲ್ಲಿ ಬಹಳ ಮಂದಿ ಮಲಗುತ್ತಿದ್ದದ್ದು ದುಡಿದ ಹೋಟೆಲಿನಲ್ಲೇ. ಅವರಿಗೆ ಓಡಾಟದ ಗೋಳು ಇರಲಿಲ್ಲ. ಈ ಉದಾಹರಣೆ ಹಿರಿಯರಿಗಿಂತ ಹೆಚ್ಚಾಗಿ ಮಕ್ಕಳ ಪಕ್ಷಕ್ಕೇ ಸಲ್ಲುತ್ತದೆ.

ವಿರೋಧ

ಇಷ್ಟೆಲ್ಲ ಒಪ್ಪಿದ ಮೇಲೂ ರೂಮು ಬೇಡವೆಂದೇ ನನ್ನ ವಾದ. ಪವಾಯಿ, ಸುರತ್ಕಲ್ಲುಗಳಲ್ಲಿ ಹಾಸ್ಟೆಲಿನ ಜೊತೆಗೆ ಲ್ಯಾಬು, ಗ್ರಂಥಾಲಯ, ಮೇಷ್ಟರ ಮನೆ ಎಲ್ಲ ಒಂದೇ ಆವರಣದಲ್ಲಿವೆ. ರಾತ್ರಿಯಲ್ಲೂ ಅಲ್ಲಿ ಕೆಲಸ ನಡೆಯುತ್ತದೆ. ಇತ್ತ ನೆರೂಲಿನಲ್ಲೋ ಘನ್ಸೋಲಿಯಲ್ಲೋ ಪಿ.ಜಿ. ಮಾಡಿದ ಹುಡುಗನಿಗೆ ಕಾಲೇಜು ಆರು ಗಂಟೆಗೆ ವರ್ಕ್‌ಶಾಪಿಗೆ ಬೀಗ ಹಾಕಿದರೆ ಸಿಗುವುದೇನು? ಮೂವರು ಹಂಚಿಕೊಂಡ ಕೋಣೆ, ಡಬ್ಬದ ಊಟ, ಮೊಬೈಲು. ಹುಡುಗಿಯರ ಹಾಸ್ಟೆಲಿನಲ್ಲಂತೂ ಗೇಟು ಮುಚ್ಚುವ ಹೊತ್ತು ಬೇರೆ ಇರುತ್ತದೆ. ಉಳಿಸಿದ 240 ಗಂಟೆ ತಾನಾಗಿ ವಿದ್ಯೆಯಾಗುವುದಿಲ್ಲ. ಬಾಡಿಗೆ, ಡಿಪಾಜಿಟ್ ಕೊಟ್ಟು ಕೊಂಡ ಸಂಜೆಯನ್ನು ಕಳೆಯಲು ಒಂದು ತೆರೆದ ಲ್ಯಾಬು ಬೇಕು. ಲ್ಯಾಬು ತೆರೆದಿದ್ದರೆ ಮನೆಯಿಂದ ಬರುವವನೂ ಅಲ್ಲಿ ಕೂರಬಹುದು.

ಹಾಗೆ ಕೂತರೆ ಮರಳುವ ಗಾಡಿಯ ರಶ್ಶಿಗೆ ಏನು ಮಾಡುವುದು ಎಂಬ ಆಕ್ಷೇಪ ಸಹಜ. ಸಂಜೆ ಐದೂವರೆಯಿಂದ ಎಂಟರವರೆಗೆ ಥಾಣೆಯಿಂದ ಕಲ್ಯಾಣದ ಕಡೆಗೆ ಕಾಲಿಡಲು ಜಾಗವಿರುವುದಿಲ್ಲ. ಐದಕ್ಕೆ ಹೊರಟವನೂ ಅದರ ಬಾಯಿಗೇ ಬೀಳುತ್ತಾನೆ. ವಾರಕ್ಕೆ ಎರಡು ಮೂರು ದಿನ ಎಂಟೂವರೆತನಕ ಕಾಲೇಜಿನಲ್ಲಿದ್ದು ಹೊರಟರೆ ಕೆಲಸವೂ ಆಯಿತು, ನೂಕುನುಗ್ಗಲೂ ಒಂದಿಷ್ಟು ತಗ್ಗಿತು. ಹೆಣ್ಣುಮಕ್ಕಳ ತಂದೆತಾಯಿಗೆ ಈ ಮಾತು ಸುಲಭವಾಗಿ ಇಳಿಯದು. ರಾತ್ರಿ ಹೆಂಗಸರ ಡಬ್ಬಿಯಲ್ಲಿ ಪೊಲೀಸರಿರುತ್ತಾರೆ ಎಂದು ಎಷ್ಟು ಹೇಳಿದರೂ ಹತ್ತು ಗಂಟೆಯ ಸ್ಟೇಷನ್ ರಸ್ತೆಯ ಆತಂಕ ಅವರದು. ಅಲ್ಲಿ ನಾನು ಹಟ ಹಿಡಿಯಲಾರೆ. ಹಾಗೆಯೇ ಮೂರನೇ, ನಾಲ್ಕನೇ ವರ್ಷದಲ್ಲಿ ಸ್ಪರ್ಧೆಗೋ ಪ್ರಾಜೆಕ್ಟಿಗೋ ತಂಡ ಕಟ್ಟಿಕೊಂಡವರು ಎರಡು ಮೂರು ತಿಂಗಳು ಗೆಳೆಯರ ರೂಮಿನಲ್ಲಿ ಪಾಲು ಹಾಕಿದರೆ ತಪ್ಪಿಲ್ಲ. ಗಣಿತ, ಫಿಸಿಕ್ಸ್, ಡ್ರಾಯಿಂಗ್ ಎಂದು ಎಲ್ಲ ಬ್ರಾಂಚಿಗೂ ಹೆಚ್ಚುಕಡಿಮೆ ಒಂದೇ ಪಾಠವಿರುವ ಮೊದಲ ವರ್ಷಕ್ಕೆ ರೂಮು ಮಾಡುವುದು ಮಾತ್ರ ಶುದ್ಧ ದುಂದು.

ಓಡಾಟದಲ್ಲಿ ಲಾಭವಿಲ್ಲವೆಂದೂ ಹೇಳುವಂತಿಲ್ಲ. ರಿಯಾಯಿತಿಯ ವಿದ್ಯಾರ್ಥಿ ಪಾಸು ನಡುವಿನ ಎಲ್ಲ ಸ್ಟೇಷನ್ನಿಗೂ ನಡೆಯುತ್ತದೆ. ನೆರೂಲಿನ ದಾರಿಯಲ್ಲೇ ಐರೋಲಿಯ ಐಟಿ ಪಾರ್ಕು, ರಬಾಳೆ, ಮಹಾಪೆಯ ಎಂಐಡಿಸಿ ಕೈಗಾರಿಕಾ ಶೆಡ್ಡುಗಳು. ಇಂಟರ್ನ್‌ಶಿಪ್ಪಿಗಾಗಿ ಅರ್ಧ ದಿನ ರಬಾಳೆಯಲ್ಲಿಳಿದು ನಿಜವಾದ ಸಿಎನ್‌ಸಿ ಮೆಷಿನ್ ಮುಂದೆ ನಿಲ್ಲಲು ಬೇರೆ ಟಿಕೆಟ್ ಬೇಡ. ಊರಿನಲ್ಲಿ ಓದಲು ಜಾಗಕ್ಕೂ ಬರವಿಲ್ಲ: ಕಲ್ಯಾಣದ ಸಾರ್ವಜನಿಕ ವಾಚನಾಲಯ 1864ರದು, ಡೊಂಬಿವಲಿಯ ಪೈ ಫ್ರೆಂಡ್ಸ್ ಲೈಬ್ರರಿ 1986ರದು, ಮೇಲೆ ಗಲ್ಲಿಗೊಂದು ಅಭ್ಯಾಸಿಕೆ (ಓದುಕೋಣೆ).

ಮುಂಬ್ರಾದ ಭಯಕ್ಕೆ ಉತ್ತರವಿರುವುದು ಕ್ಯಾಪ್ ಫಾರ್ಮಿನಲ್ಲಿ. ಬೆಳಗಿನ ಜನಪ್ರವಾಹ ಕಲ್ಯಾಣದಿಂದ ಮುಂಬಯಿಯ ಕಡೆಗೆ. ಅದರ ಎದುರು ದಿಕ್ಕಿನಲ್ಲಿ, ಕರ್ಜತ್ ಕಡೆ ಓದುವವನಿಗೆ ಡೊಂಬಿವಲಿಯಿಂದಲೂ ಕೂರಲು ಸೀಟು ಸಿಗುವ ಸಾಧ್ಯತೆ ಹೆಚ್ಚು. ನಕಾಶೆಯಲ್ಲಿ ಹತ್ತಿರ ಕಾಣುವ ಘೋಡ್‌ಬಂದರ್ ರಸ್ತೆಯ ಕಾಲೇಜು ಥಾಣೆಯ ಟ್ರಾಫಿಕ್ಕಿನಲ್ಲಿ ನೆರೂಲಿಗಿಂತ ದೂರವಾಗಬಹುದು. ಪ್ಲೇಸ್‌ಮೆಂಟ್ ಪಟ್ಟಿ, ಕಟ್‌ಆಫ್ ನೋಡಿ ಆಪ್ಷನ್ ತುಂಬುವವರು ಗಾಡಿಯ ದಿಕ್ಕನ್ನೂ ನೋಡಬೇಕು. ಈ ಸಲ ಕಾಲೇಜು ನೋಡಲು ಹೋದಾಗ ತಂದೆತಾಯಿಗಳು ಹಾಸ್ಟೆಲ್ ಫೀಸು ವಿಚಾರಿಸುವ ಮೊದಲು ಇನ್ನೊಂದನ್ನು ಕೇಳಿ: ವರ್ಕ್‌ಶಾಪು, ಗ್ರಂಥಾಲಯ ಸಂಜೆ ಎಷ್ಟು ಗಂಟೆಯವರೆಗೆ ತೆರೆದಿರುತ್ತವೆ? ಐದೂವರೆ ಎಂದರೆ ಎಂಟೂವರೆಯವರೆಗೆ ತೆರೆದಿಡಿ ಎಂದು ಬರವಣಿಗೆಯಲ್ಲಿ ಕೊಟ್ಟು ಬನ್ನಿ.