ವಿದ್ಯುತ್ ಕಾರುಗಳ ವೇಗದ ಚಾರ್ಜಿಂಗ್ ವೆಚ್ಚ: ಚಂದಕವಾಡಿ ಹೋಬಳಿಯ ಗ್ರಾಹಕರ ಮಾಹಿತಿಗಾಗಿ

ವಿದ್ಯುತ್ ಚಾಲಿತ ಕಾರು ಖರೀದಿಸಿ, ಮನೆಯಲ್ಲಿ ಚಾರ್ಜ್ ಮಾಡಲು ಹೆಚ್ಚುವರಿ ವಿದ್ಯುತ್ ಹೊರೆಗೆ ಅರ್ಜಿ ಸಲ್ಲಿಸಲು ಉದ್ದೇಶಿಸಿರುವ ಸಾರ್ವಜನಿಕರು ಸಾಮಾನ್ಯವಾಗಿ ಮನೆಯ ಯೂನಿಟ್ ದರವನ್ನು ಸಾರ್ವಜನಿಕ ಕೇಂದ್ರದ ಯೂನಿಟ್ ದರದೊಂದಿಗೆ ಹೋಲಿಸಿ ತೀರ್ಮಾನಕ್ಕೆ ಬರುತ್ತಾರೆ. ಗೃಹಜ್ಯೋತಿ ಫಲಾನುಭವಿ ಕುಟುಂಬಗಳಿಗೆ ಈ ಹೋಲಿಕೆ ಸಾಲದು.

ವೇಗದ ಚಾರ್ಜಿಂಗ್ ಕೇಂದ್ರದ ದರದಲ್ಲಿ ವಿದ್ಯುತ್ತಿನ ಬೆಲೆಯ ಜೊತೆಗೆ ಯಂತ್ರ, ಸ್ಥಳ ಹಾಗೂ ನಿರ್ವಹಣೆಯ ವೆಚ್ಚಕ್ಕಾಗಿ ಸೇವಾ ಶುಲ್ಕವೂ ಸೇರಿರುತ್ತದೆ. ಇವುಗಳ ಮೇಲೆ ತೆರಿಗೆ ಬರುತ್ತದೆ. ವಿದ್ಯುತ್ ಮಾರಾಟಕ್ಕೆ ಜಿಎಸ್‌ಟಿ ಇಲ್ಲದಿರುವಾಗ ಚಾರ್ಜಿಂಗ್‌ಗೆ ಏಕೆ ಎಂಬ ಪ್ರಶ್ನೆಯನ್ನು ಮುಂಗಡ ತೀರ್ಪು ಪ್ರಾಧಿಕಾರದ ಮುಂದಿಟ್ಟಿದ್ದು ನಮ್ಮ ಜಿಲ್ಲೆಗೆ ವಿದ್ಯುತ್ ಪೂರೈಸುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವೇ ಎಂಬುದು ಗಮನಾರ್ಹ. ಚಾರ್ಜಿಂಗ್ ಎಂಬುದು ಸರಕಿನ ಮಾರಾಟವಲ್ಲ, ಸೇವೆ. ಆದುದರಿಂದ ವಿದ್ಯುತ್ ಶುಲ್ಕದ ಭಾಗವೂ ಸೇರಿದಂತೆ ಪೂರ್ಣ ಮೊತ್ತಕ್ಕೆ ಶೇ. 18ರ ತೆರಿಗೆ ಅನ್ವಯಿಸುತ್ತದೆ ಎಂದು ಪ್ರಾಧಿಕಾರವು 2023ರ ಜುಲೈನಲ್ಲಿ ತೀರ್ಪು ನೀಡಿತು. ಹೀಗಾಗಿ ತೆರಿಗೆರಹಿತವಾಗಿ ಯೂನಿಟ್‌ಗೆ 18 ರೂ. ಎಂದು ಪ್ರಕಟಿಸಿದಲ್ಲಿ ಗ್ರಾಹಕರು ಪಾವತಿಸುವುದು 21.24 ರೂ.

ಮನೆಬಳಕೆಯ ವಿದ್ಯುತ್ತಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2025-26ನೇ ಸಾಲಿಗೆ ನಿಗದಿಪಡಿಸಿದ ದರ ಯೂನಿಟ್‌ಗೆ 5.80 ರೂ. ಮೇಲ್ನೋಟಕ್ಕೆ ಮನೆಯೇ ಅಗ್ಗ. ಆದರೆ ಗೃಹಜ್ಯೋತಿ ಯೋಜನೆಯಡಿ ತಿಂಗಳ ಬಳಕೆ ಅರ್ಹತಾ ಮಿತಿಯನ್ನು ಮೀರಿ 200 ಯೂನಿಟ್‌ನೊಳಗಿದ್ದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಶುಲ್ಕ. 200 ಮೀರಿದರೆ ಪೂರ್ಣ ಬಿಲ್ಲನ್ನು ಪಾವತಿಸಬೇಕಾಗುತ್ತದೆ.

ಉದಾಹರಣೆಗೆ, 150 ಯೂನಿಟ್ ಅರ್ಹತೆಯುಳ್ಳ, 140 ಯೂನಿಟ್ ಬಳಸುವ, 3 ಕಿಲೋವ್ಯಾಟ್ ಮಂಜೂರಾತಿಯ ಮನೆಯನ್ನು ಪರಿಗಣಿಸಬಹುದು. ಕಾರಿಗೆ ತಿಂಗಳಿಗೆ 70 ಯೂನಿಟ್ ಬೇಕೆಂದುಕೊಳ್ಳೋಣ. ಸುಮಾರು 500 ಕಿ.ಮೀ. ಓಡಾಟಕ್ಕೆ ಇದು ಸಾಕು. ಎಲ್ಲವನ್ನೂ ಮನೆಯಲ್ಲೇ ತುಂಬಿಸಿದರೆ ಬಳಕೆ 210 ಯೂನಿಟ್. ಆಗ ವಿದ್ಯುತ್ ಶುಲ್ಕ 1,218 ರೂ., ಕಿಲೋವ್ಯಾಟ್‌ಗೆ 145 ರೂ.ನಂತೆ ನಿಗದಿತ ಶುಲ್ಕ 435 ರೂ., ಒಟ್ಟು 1,653 ರೂ.; ವಿದ್ಯುತ್ ತೆರಿಗೆ ಇತ್ಯಾದಿ ಪ್ರತ್ಯೇಕ. ಅದೇ 20 ಯೂನಿಟ್‌ಗಳನ್ನು ಮೇಲಿನ ದರದಲ್ಲಿ ಹೊರಗಿನ ಕೇಂದ್ರದಲ್ಲಿ ತುಂಬಿಸಿದರೆ ಅಲ್ಲಿ 424.80 ರೂ., ಮನೆಯಲ್ಲಿ ಹೆಚ್ಚುವರಿ 40 ಯೂನಿಟ್‌ಗೆ 232 ರೂ., ಅಂದರೆ ಸುಮಾರು 657 ರೂ. ದುಬಾರಿ ಎನಿಸುವ ಚಾರ್ಜಿಂಗ್ ಇಲ್ಲಿ ಸಾವಿರ ರೂಪಾಯಿಯಷ್ಟು ಉಳಿಸುತ್ತದೆ. ಟ್ಯಾಕ್ಸಿ ಓಡಿಸುವವರ ಸ್ಥಿತಿ ಬೇರೆ. ಅವರ ಬಳಕೆ ಹೇಗೂ 200 ದಾಟುವುದರಿಂದ, ಹೊರಗೆ ತುಂಬಿಸುವ ಪ್ರತಿ ಯೂನಿಟ್ ನಷ್ಟವೇ.

ಚಾರ್ಜ್ ಮಾಡುವ ಸಮಯವೂ ಮುಖ್ಯ. ಕೇಂದ್ರ ವಿದ್ಯುತ್ ಸಚಿವಾಲಯದ 2024ರ ಮಾರ್ಗಸೂಚಿಯು, ಚಾರ್ಜಿಂಗ್ ಕೇಂದ್ರಗಳಿಗೆ ನೀಡುವ ವಿದ್ಯುತ್ತಿನ ದರವು ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಸರಾಸರಿ ಪೂರೈಕೆ ವೆಚ್ಚದ 0.7 ಪಟ್ಟು, ಉಳಿದ ವೇಳೆ 1.3 ಪಟ್ಟು ಇರಬೇಕೆನ್ನುತ್ತದೆ. ರಾಜ್ಯದಲ್ಲಿ ದರ ನಿಗದಿ ಆಯೋಗದ ಅಧಿಕಾರ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿರುವುದರಿಂದ, ಗುಂಡ್ಲುಪೇಟೆ ಮಾರ್ಗವಾಗಿ ಊಟಿ ಅಥವಾ ವಯನಾಡಿಗೆ ತೆರಳುವವರು ಸಂಜೆಯ ಆತುರದಲ್ಲಿ ಚಾರ್ಜ್ ಮಾಡುವುದಕ್ಕಿಂತ ಹಗಲಿನಲ್ಲೇ ಮುಗಿಸುವುದು ಸೂಕ್ತ.

ಹೊರೆ ಹೆಚ್ಚಳಕ್ಕೆ ಅರ್ಜಿ ಸಲ್ಲಿಸುವವರು ಒಂದು ವರ್ಷದ ಬಿಲ್ಲುಗಳನ್ನು ಪರಿಶೀಲಿಸಿಕೊಳ್ಳುವುದು ಅವಶ್ಯ. ಹೊರೆಯನ್ನು 3ರಿಂದ 7 ಕಿಲೋವ್ಯಾಟ್‌ಗೆ ಏರಿಸಿದರೆ, ಪೂರ್ಣ ಬಿಲ್ಲು ಪಾವತಿಸುವ ತಿಂಗಳುಗಳಲ್ಲಿ ನಿಗದಿತ ಶುಲ್ಕವೇ 580 ರೂ. ಹೆಚ್ಚುತ್ತದೆ. ರಾತ್ರಿಯ ನಿಧಾನ ಚಾರ್ಜಿಂಗ್ ಸಾಕಾಗುವವರಿಗೆ ಇದರ ಅಗತ್ಯ ಬೀಳದಿರಬಹುದು. ಅರ್ಜಿದಾರರು ತಮ್ಮ ಆರ್.ಆರ್. ಸಂಖ್ಯೆಯೊಂದಿಗೆ ನಿಗಮದ ಉಪವಿಭಾಗ ಕಚೇರಿಯನ್ನು ಅಥವಾ 1912 ಸಹಾಯವಾಣಿಯನ್ನು ಸಂಪರ್ಕಿಸಬಹುದಾಗಿದೆ.