ಚಿನ್ನ ಕೊಂಡುಹೋದವರೇ ವಿಷವನ್ನೂ ತೆಗೆಯಲಿ

ಕೆಜಿಎಫ್‌ನ ಸೈನೈಡ್ ಗುಡ್ಡಗಳನ್ನು ಕಾಣದ ಕನ್ನಡಿಗರು ಕಡಿಮೆ. ಊರಿಗೆ ಹೋಗದವರು ಸಿನಿಮಾದಲ್ಲಾದರೂ ನೋಡಿದ್ದೀರಿ. ಅವುಗಳ ಮೇಲೆ ಹತ್ತಿ ಫೋಟೊ ತೆಗೆಸಿಕೊಂಡು ಬಂದವರೂ ಇದ್ದೀರಿ. ಗುಡ್ಡಗಳ ಬುಡದಲ್ಲೇ ಜನ ಸಂಸಾರ ಮಾಡಿಕೊಂಡಿದ್ದಾರೆ ಎಂಬುದೂ ನಿಮಗೆ ಗೊತ್ತು. ಗೊತ್ತಿದ್ದೂ ನಾವೆಲ್ಲ ಸುಮ್ಮನಿದ್ದೇವೆ. ಆ ಮೌನದ ಮೇಲಿನ ಸಿಟ್ಟೇ ಈ ಮನವಿಯನ್ನು ಬರೆಸುತ್ತಿದೆ.

ಆಷಾಢದ ಗಾಳಿ ಎದ್ದ ದಿನ ಅಲ್ಲಿನ ಗಣಿ ಕಾರ್ಮಿಕರ ಲೈನ್ ಮನೆಗಳಿಗೆ ಒಮ್ಮೆ ಹೋಗಿ ನೋಡಿ. ಗುಡ್ಡದ ನೆತ್ತಿಯಿಂದ ಬೂದು ಬಣ್ಣದ ಧೂಳು ಏಳುತ್ತಿದ್ದಂತೆ ಹೆಂಗಸರು ಒಣಹಾಕಿದ ಬಟ್ಟೆಗಳನ್ನು ಬಾಚಿಕೊಂಡು ಒಳಗೆ ಓಡುತ್ತಾರೆ. ನೀರಿನ ಬಿಂದಿಗೆಗೆ ಬಟ್ಟೆ ಮುಚ್ಚುತ್ತಾರೆ, ಕಿಟಕಿಯ ಸಂದಿಗೆ ಹಳೇ ಸೀರೆ ತುರುಕುತ್ತಾರೆ. ಅಷ್ಟೆಲ್ಲ ಮಾಡಿದರೂ ತೊಳೆದಿಟ್ಟ ತಟ್ಟೆಯ ಮೇಲೆ ಬೆರಳೆಳೆದರೆ ಗೆರೆ ಮೂಡುತ್ತದೆ. ಅನ್ನದ ತುತ್ತಿನಲ್ಲಿ ಹಲ್ಲಿಗೆ ಮರಳು ಸಿಗುತ್ತದೆ. ಇದನ್ನು ಕಣ್ಣಾರೆ ಕಂಡ ಮೇಲೆ ‘ಚಿನ್ನದ ನಾಡು’ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ.

ಈ ಗುಡ್ಡಗಳನ್ನು ದೇವರು ಸೃಷ್ಟಿಸಲಿಲ್ಲ. ನೆಲದಡಿ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳದಿಂದ ಅದಿರು ತಂದು, ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ನೆನೆಸಿ ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಕೆಸರನ್ನು ತಂದು ಸುರಿದದ್ದು ಅಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ 2001ರವರೆಗೆ ಆ ನೆಲ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟಿತು. ಬದಲಿಗೆ ಅದಕ್ಕೆ ಸಿಕ್ಕಿದ್ದು 13 ಗುಡ್ಡ, 3 ಕೋಟಿ ಟನ್ನಿಗೂ ಹೆಚ್ಚು ಕಸ. ಸೈನೈಡ್ ಬಿಸಿಲಿಗೆ ಕಾಲಕ್ರಮೇಣ ಕರಗಬಹುದು. ಸಿಲಿಕಾ ಧೂಳು ಕರಗುವುದಿಲ್ಲ. ಅದಿರಿನ ಜೊತೆ ಮೇಲೆ ಬಂದ ಆರ್ಸೆನಿಕ್‌ನಂಥವು ಎಲ್ಲಿಗೂ ಹೋಗುವುದಿಲ್ಲ. ಮಳೆ ಬಂದರೆ ಗುಡ್ಡ ಕೊರೆದು ತಗ್ಗಿಗೆ ಹರಿಯುತ್ತದೆ, ಗಾಳಿ ಬಂದರೆ ಮನೆಗೆ ನುಗ್ಗುತ್ತದೆ.

ಈ ಧೂಳು ಏನು ಮಾಡುತ್ತದೆಂದು ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಕೋಲಾರದ ಗಣಿ ಕಾರ್ಮಿಕರ ಶ್ವಾಸಕೋಶ ಕಲ್ಲಾಗುವುದನ್ನು ಕಂಡೇ ಮೈಸೂರು ಸಂಸ್ಥಾನ 1940ರಲ್ಲಿ ಸಿಲಿಕೋಸಿಸ್ ನಿಯಮಗಳನ್ನು ತಂದಿತ್ತು. ಸುರಂಗದೊಳಗೆ ಅಪ್ಪನ ಎದೆ ಸುಟ್ಟ ಧೂಳು ಸುರಂಗದ ಹೊರಗೆ ಮಗುವಿನ ಎದೆಗೆ ಹಿತವಾಗುತ್ತದೆಯೇ?

ಹಾಗಾದರೆ ಈ ಕಸ ಇನ್ನೂ ಅಲ್ಲೇ ಯಾಕಿದೆ? ಕಾರಣ ಒಂದೇ, ಅದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಮಾಲಿನ್ಯ ಮಾಡಿದವನೂ ಸರ್ಕಾರವೇ, ಮಾಲಿನ್ಯಕ್ಕೆ ದಂಡ ಹಾಕಬೇಕಾದವನೂ ಸರ್ಕಾರವೇ. ಬ್ರಿಟಿಷ್ ಕಂಪನಿ ಲಾಭ ಬಾಚಿಕೊಂಡು ಹೋಯಿತು, ಸರಿ. ಆದರೆ 1956ರಲ್ಲಿ ಗಣಿಗಳು ರಾಷ್ಟ್ರೀಕರಣವಾದವು. 1972ರಿಂದ ನಡೆಸಿದ್ದು ಕೇಂದ್ರದ ಸಾರ್ವಜನಿಕ ಉದ್ಯಮವಾದ ಬಿಜಿಎಂಎಲ್. 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದಾಗ ಕಾರ್ಮಿಕರ ಬಾಕಿ, ಬ್ಯಾಂಕಿನ ಸಾಲ ಎಲ್ಲವೂ ಚರ್ಚೆಗೆ ಬಂತು. ಗುಡ್ಡ ತೆರವು ಮಾಡಲು, ಕನಿಷ್ಠ ಅದರ ಮೇಲೆ ಹಸಿರು ಹೊದಿಸಲು ಹಣ ಎತ್ತಿಟ್ಟು ಹೋಗಬೇಕು ಎಂಬುದು ಯಾರಿಗೂ ಬಾಧ್ಯತೆ ಅನ್ನಿಸಲಿಲ್ಲ. ಉಂಡೂ ಹೋದ ಕೊಂಡೂ ಹೋದ ಎಂದರೆ ಇದೇ. ಖಾಸಗಿ ಕಾರ್ಖಾನೆಯೊಂದು ಹೀಗೆ ಮಾಡಿದ್ದರೆ ನೋಟಿಸು, ಮೊಕದ್ದಮೆ, ಧರಣಿ ಎಲ್ಲ ಆಗುತ್ತಿತ್ತು. ಮಾಲೀಕ ಸರ್ಕಾರವಾದ್ದರಿಂದ ಆ ಪಾಪಕ್ಕೆ ಕ್ಷಮೆ ಇದೆಯೇ? ನನ್ನ ದೃಷ್ಟಿಯಲ್ಲಿ ಸರ್ಕಾರ ಮಾಡಿದರೆ ಅದು ಎರಡು ಪಟ್ಟು ಪಾಪ.

ಆಮೇಲೆ ಬಂದ ಕಾನೂನುಗಳಾದರೂ ಕೈಹಿಡಿದವೇ? ಗಣಿ ಮುಚ್ಚುವ ಯೋಜನೆ ಕಡ್ಡಾಯ, ಅದಕ್ಕೆ ಮೊದಲೇ ಹಣಕಾಸಿನ ಖಾತರಿ ಕೊಡಬೇಕು ಎಂಬ ನಿಯಮ ಬಂದದ್ದು 2003ರಲ್ಲಿ. ಇಲ್ಲಿ ಬೀಗ ಬಿದ್ದು ಎರಡು ವರ್ಷವಾಗಿತ್ತು. ಗಣಿಬಾಧಿತ ಪ್ರದೇಶಗಳಿಗೆ ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿ ಬಂದದ್ದು 2015ರಲ್ಲಿ. ಆ ನಿಧಿ ತುಂಬುವುದು ರಾಜಧನದ ಲೆಕ್ಕದಲ್ಲಿ; ನಿಂತ ಚಿನ್ನದ ಗಣಿಯಿಂದ ರಾಜಧನ ಎಲ್ಲಿಂದ ಬರಬೇಕು? ಕಲುಷಿತ ತಾಣಗಳ ನಿರ್ವಹಣೆಗೆಂದೇ ಕೇಂದ್ರ 2025ರ ಜುಲೈನಲ್ಲಿ ಹೊಸ ನಿಯಮ ಹೊರಡಿಸಿತು. ಕೆಡಿಸಿದವರೇ ಶುದ್ಧೀಕರಣದ ಖರ್ಚು ಕೊಡಬೇಕೆಂದು ಅದು ಹೇಳುತ್ತದೆ. ಆದರೆ ಗಣಿಗಾರಿಕೆಯ ಮಾಲಿನ್ಯವನ್ನು ಬಹುಮಟ್ಟಿಗೆ ಅದರ ಹೊರಗಿಟ್ಟಿದ್ದಾರೆ, ಅದಕ್ಕೆ ಬೇರೆ ಕಾನೂನು ಇದೆ ಎಂಬ ನೆಪದಲ್ಲಿ. ಆ ಬೇರೆ ಕಾನೂನು ಕೆಜಿಎಫ್‌ಗೆ ತಡವಾಗಿ ಬಂತು, ಈ ಕಾನೂನು ಕೆಜಿಎಫ್‌ಗೆ ಬರಲೇ ಇಲ್ಲ. ಒಂದು ಊರನ್ನು ಇಷ್ಟು ಅಚ್ಚುಕಟ್ಟಾಗಿ ಎಲ್ಲ ಪಟ್ಟಿಗಳಿಂದಲೂ ಬಿಡಬಹುದೇ?

ಹಣವಿಲ್ಲ ಎನ್ನುವ ಮಾತನ್ನು ದಯವಿಟ್ಟು ಯಾರೂ ಆಡಬೇಡಿ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆ ಸುಪ್ರೀಂ ಕೋರ್ಟ್ ಕಣ್ಗಾವಲಿನಲ್ಲಿ ಸಾವಿರಾರು ಕೋಟಿ ರೂಪಾಯಿ ಕೂಡಿದೆ, ಅದಕ್ಕೆಂದೇ ಒಂದು ನಿಗಮವಿದೆ. ಅಲ್ಲಿನ ಜನಕ್ಕೆ ಅದು ಸಲ್ಲಬೇಕಾದದ್ದೇ. ಅಲ್ಲಿ ಅಕ್ರಮ ಗಣಿಗಾರಿಕೆ ನಡೆಯಿತು, ಹೋರಾಟವಾಯಿತು, ನ್ಯಾಯಾಲಯ ವಸೂಲಿ ಮಾಡಿಸಿತು. ಕೆಜಿಎಫ್‌ನಲ್ಲಿ ನಡೆದದ್ದೆಲ್ಲ ಸಕ್ರಮ. ಸಕ್ರಮವಾಗಿ ವಿಷ ಕುಡಿದವರಿಗೆ ಪರಿಹಾರವಿಲ್ಲ ಎಂಬುದು ಯಾವ ನ್ಯಾಯ?

ಈಗ ಆ ಗುಡ್ಡಗಳತ್ತ ಮತ್ತೆ ಕಣ್ಣು ಬಿದ್ದಿದೆ. ಸಾವಿರ ಎಕರೆಯಷ್ಟು ಜಾಗದಲ್ಲಿರುವ ಆ 13 ಗುಡ್ಡಗಳ ಮಣ್ಣಿನಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಮಣ್ಣಿನಲ್ಲಿ ಎಷ್ಟು ಚಿನ್ನ ಉಳಿದಿದೆ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಗುಡ್ಡ ಅಗೆಯುವಾಗ ಏಳುವ ಧೂಳಿಗೆ ಯಾರು ಹೊಣೆ, ಚಿನ್ನ ತೆಗೆದ ಮೇಲೆ ಅದೇ ಮಣ್ಣನ್ನು ಎಲ್ಲಿ ಹಾಕುತ್ತಾರೆ, ಆ ಕೆಲಸದ ಹಣ ಯಾವ ಖಾತೆಯಲ್ಲಿದೆ ಎಂದು ಮಾತ್ರ ಯಾರೂ ಕೇಳುತ್ತಿಲ್ಲ. ಒಮ್ಮೆ ಮೋಸ ಹೋದ ಊರು ಅದೇ ಗುಡ್ಡದಿಂದ ಎರಡನೇ ಸಲ ಮೋಸ ಹೋಗಬೇಕೇ?

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಗುಡ್ಡದಿಂದ ಮೊದಲ ಲಾರಿ ಹೊರಡುವ ಮೊದಲು ಶುದ್ಧೀಕರಣದ ಪೂರ್ತಿ ಹಣ ಬೇರೆ ಖಾತೆಯಲ್ಲಿ ಜಮೆಯಾಗಲಿ. ಅದರ ಲೆಕ್ಕ ಕೆಜಿಎಫ್ ನಗರಸಭೆಯ ಗೋಡೆಯ ಮೇಲೆ ಕಾಣಲಿ. ತೆರವಾದ ನೆಲದಲ್ಲಿ ಬರುವ ಕಾರ್ಖಾನೆ, ಶಾಲೆ, ಮರಗಳ ಮೇಲೆ ಮೊದಲ ಹಕ್ಕು ಆ ಲೈನ್ ಮನೆಗಳ ಮಕ್ಕಳಿಗಿರಲಿ. ಇವತ್ತು ಅವರು ಬೆಳಗಿನ ಕತ್ತಲಲ್ಲಿ ಎದ್ದು ಮಾರಿಕುಪ್ಪಂ ರೈಲು ಹತ್ತಿ ಕೂಲಿಗೆ ಬೆಂಗಳೂರಿಗೆ ಬರುತ್ತಾರೆ, ರಾತ್ರಿ ಮಲಗಲು ಮಾತ್ರ ಊರಿಗೆ ಹೋಗುತ್ತಾರೆ. ಗಣಿ ಕಂಪನಿಯ ಸಾವಿರಾರು ಎಕರೆ ಅವರ ಮನೆಯ ಪಕ್ಕದಲ್ಲೇ ಪಾಳು ಬಿದ್ದಿದೆ.

ಬೆಂಗಳೂರಿನವರಿಗೆ ಒಂದು ಮಾತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಹೋದದ್ದು ಕೋಲಾರದ ಗಣಿಗೆ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಆ ಗಣಿಗಾಗಿ ಎಳೆದ ತಂತಿಯ ಬೆನ್ನಲ್ಲೇ ನಮ್ಮ ಮನೆಗಳು ಬೆಳಗಿದವು. ಆ ಋಣ ನಮಗೆ ನೆನಪಿಲ್ಲ. ಇದು ಕೋಲಾರದವರ ಸಮಸ್ಯೆ, ಅಲ್ಲಿ ಬಹಳಷ್ಟು ಜನ ತಮಿಳರು, ನಮಗೇಕೆ ಎಂದು ಒಳಗೊಳಗೇ ಅಂದುಕೊಂಡವರಿದ್ದರೆ ನಾಚಿಕೆಯಾಗಬೇಕು. ಸುರಂಗಕ್ಕೆ ಇಳಿದು ಈ ನಾಡಿಗೆ ಚಿನ್ನ ತಂದವರಲ್ಲಿ ಬಹುಪಾಲು ದಲಿತ ಕಾರ್ಮಿಕರು. ಅವರ ಮೊಮ್ಮಕ್ಕಳಿಗೆ ಶುದ್ಧ ಗಾಳಿ ಕೊಡುವುದನ್ನು ಉಪಕಾರ ಎಂದು ಯಾರೂ ಭಾವಿಸಬೇಕಾಗಿಲ್ಲ. ಅದು ಬಾಕಿ.

ಹಟ್ಟಿಯ ಗಣಿಯಲ್ಲಿ ಇವತ್ತಿಗೂ ಚಿನ್ನ ಬರುತ್ತಿದೆ, ಅಲ್ಲೂ ಮಾಲೀಕ ಸರ್ಕಾರವೇ. ಕೆಜಿಎಫ್‌ನ ಬಾಕಿ ಇವತ್ತು ತೀರದಿದ್ದರೆ ನಾಳೆ ಹಟ್ಟಿಯಲ್ಲೂ ಇದೇ ಕತೆ. ನಿಮ್ಮ ಶಾಸಕರು, ನಿಮ್ಮ ಸಂಸದರು ಮತ ಕೇಳಲು ಬಂದಾಗ ಈ ಒಂದು ಪ್ರಶ್ನೆ ಕೇಳಿ: ಗುಡ್ಡ ತೆಗೆಯುವ ಹಣ ಎಲ್ಲಿ? ಉತ್ತರ ಸಿಗುವವರೆಗೆ ಬಿಡಬೇಡಿ.