ವೇಗದ ಲೆಕ್ಕ, ಕಾಯುವ ಹೊತ್ತು

ಗೋಕಾಕ, ಮೂಡಲಗಿ, ಹುಕ್ಕೇರಿಯಂತಹ ತಾಲ್ಲೂಕು ಕೇಂದ್ರಗಳಲ್ಲಿಯೂ ‘100 ಎಂಬಿಪಿಎಸ್‌ವರೆಗೆ’ ಎಂಬ ಫೈಬರ್ ಜಾಹೀರಾತು ಈಗ ಹೊಸತೇನಲ್ಲ. ಆ ಸಂಖ್ಯೆಯ ಅರ್ಥವೇನೆಂದು ಕೇಳಿದರೆ ಓದುಬರಹ ಬಲ್ಲವರೂ ‘ಬಹಳ ವೇಗ’ ಎಂದಷ್ಟೇ ಉತ್ತರಿಸುತ್ತಾರೆ. ಬೆಲ್ಲ ಕೊಳ್ಳುವಾಗ ತಕ್ಕಡಿಯ ಮುಳ್ಳಿನ ಮೇಲೆ ಕಣ್ಣಿಡುವ ನಾವು, ತಿಂಗಳಿಗೆ ನೂರಾರು ರೂಪಾಯಿ ತೆತ್ತು ಪಡೆಯುವ ಈ ಸೇವೆಯ ಅಳತೆಯನ್ನು ಮಾತ್ರ ಮಾರುವವರಿಗೇ ಬಿಟ್ಟುಕೊಟ್ಟಿದ್ದೇವೆ.

ಲೆಕ್ಕವೇನೂ ಕಠಿಣವಲ್ಲ. ಸಂಪರ್ಕದ ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಕಡತದ ಗಾತ್ರವನ್ನು ಬೈಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ ಜಾಹೀರಾತಿನ ಸಂಖ್ಯೆಯನ್ನು ಎಂಟರಿಂದ ಭಾಗಿಸಿದ ಮೇಲೆಯೇ ನಿಜವಾದ ಚಿತ್ರ ದೊರೆಯುತ್ತದೆ. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 12.5 ಮೆಗಾಬೈಟ್. ಡಯಲ್-ಅಪ್ ಕಾಲದ 56 ಕೆಬಿಪಿಎಸ್ ಎಂದರೆ ಸೆಕೆಂಡಿಗೆ ಕೇವಲ 7 ಕಿಲೋಬೈಟ್. ಒಂದು ಸಿಡಿಯಲ್ಲಿ ಹಿಡಿಸುವ 700 ಮೆಗಾಬೈಟ್ ಮಾಹಿತಿಯನ್ನು ತರಿಸಿಕೊಳ್ಳಲು ಹಳೆಯ ಮೊಡೆಮ್‌ಗೆ ಒಂದು ಲಕ್ಷ ಸೆಕೆಂಡು, ಅಂದರೆ ಸುಮಾರು 28 ಗಂಟೆ ಬೇಕು. ಫೈಬರ್‌ಗೆ 56 ಸೆಕೆಂಡು ಸಾಕು. ಹೆಚ್ಚಳ ಸುಮಾರು 1,785 ಪಟ್ಟು. ಅರ್ಥಶಾಸ್ತ್ರ ಓದಿದ ನನಗೆ ಇಷ್ಟು ಅಲ್ಪ ಕಾಲದಲ್ಲಿ ಇಷ್ಟು ಪಟ್ಟು ಅಗ್ಗವಾದ ಬೇರೆ ಸರಕು ನೆನಪಿಗೆ ಬರುವುದಿಲ್ಲ.

ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ದೇಶದಲ್ಲಿ ಸಾರ್ವಜನಿಕ ಇಂಟರ್ನೆಟ್ ಸೇವೆಯನ್ನು ಆರಂಭಿಸಿತು. ಅದು ಸರ್ಕಾರಿ ಕಚೇರಿಗಳಿಗೆ ಬಂದ ಮೊದಲ ವರ್ಷಗಳನ್ನು ನಾನು ಕಂಡಿದ್ದೇನೆ. ಕಳುಹಿಸುವ ದಿಕ್ಕಿನಲ್ಲಿ ಮೊಡೆಮ್‌ನ ಮಿತಿ 33.6 ಕೆಬಿಪಿಎಸ್. ಕಾಗದದ ಲೆಕ್ಕದಲ್ಲಿ ಒಂದು ಮೆಗಾಬೈಟ್ ವರದಿ ನಾಲ್ಕು ನಿಮಿಷದಲ್ಲಿ ಜಿಲ್ಲಾ ಕೇಂದ್ರ ತಲುಪಬೇಕು. ನಡುವೆ ಸಂಪರ್ಕ ಕಡಿದರೆ ಮತ್ತೆ ಮೊದಲಿನಿಂದ ಆರಂಭ. ಕಡೆಗೆ ಫ್ಲಾಪಿಯನ್ನು ಗುಮಾಸ್ತರ ಕೈಗಿತ್ತು ಅವರನ್ನು ಬಸ್ಸು ಹತ್ತಿಸಿದ ದಿನಗಳೇ ಹೆಚ್ಚು.

ಆದರೂ ರಾಜ್ಯದ ಅತಿ ಯಶಸ್ವಿ ಗಣಕೀಕರಣ ಯೋಜನೆಗಳಲ್ಲೊಂದು ಮೂಡಿದ್ದು ಅದೇ ಕಾಲದಲ್ಲಿ. 2000ದ ದಶಕದ ಆರಂಭದಲ್ಲಿ ಜಾರಿಗೆ ಬಂದ ‘ಭೂಮಿ’ಯಿಂದ ರೈತ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆಯುವಂತಾಯಿತು. ದತ್ತಾಂಶ ತಾಲ್ಲೂಕಿನಲ್ಲೇ ಇತ್ತು; ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶದಲ್ಲಿಯೇ ಅಳವಡಿಸಲಾಗಿತ್ತು. ರೈತನ ಕಾಯುವಿಕೆಯನ್ನು ತಗ್ಗಿಸಿದ್ದು ತಂತಿಯ ವೇಗವಲ್ಲ, ಕಾರ್ಯವಿಧಾನದ ಸುಧಾರಣೆ.

ಈ ಪಾಠವನ್ನು ನಾವು ಮರೆತಂತಿದೆ. ಗ್ರಾಮ ಪಂಚಾಯಿತಿಗಳಿಗೆ 100 ಎಂಬಿಪಿಎಸ್ ಫೈಬರ್ ಸಂಪರ್ಕ ಒದಗಿಸುವ ಯೋಜನೆಗೆ ಕೇಂದ್ರ ಸಂಪುಟ 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ಅದೇ ಮುಂದೆ ಭಾರತ್‌ನೆಟ್ ಆಯಿತು. 2023ರ ಆಗಸ್ಟ್‌ನಲ್ಲಿ ಅದರ ಪರಿಷ್ಕೃತ ರೂಪಕ್ಕೆ ಸುಮಾರು 1.39 ಲಕ್ಷ ಕೋಟಿ ರೂಪಾಯಿ ಮಂಜೂರಾಯಿತು. ಇಂತಹ ಯೋಜನೆಗಳ ಪ್ರಗತಿ ವರದಿಗಳಲ್ಲಿ ಎದ್ದು ಕಾಣುವುದು ಹಾಕಿದ ಕೇಬಲ್ಲಿನ ಕಿಲೋಮೀಟರುಗಳು. ನಾನು ಈಚೆಗೆ ಹೋಗಿದ್ದ ಈ ಭಾಗದ ಒಂದು ಹಳ್ಳಿಯಲ್ಲಿ ಕೇಬಲ್ ಇತ್ತು, ಪೆಟ್ಟಿಗೆಯೂ ಇತ್ತು. ದೀಪ ಮಾತ್ರ ಉರಿಯುತ್ತಿರಲಿಲ್ಲ. ‘ಎರಡ ದಿನಾ ಆತ್ರೀ, ಸರ್ವರ್ ಇಲ್ಲ’ ಎಂದರು ಅಲ್ಲಿ ಕಾದು ಕುಳಿತಿದ್ದ ರೈತರು. ಆ ಎರಡು ದಿನಗಳಲ್ಲಿ ಹಳೆಯ ಮೊಡೆಮ್ ಕೂಡ ಎಡೆಬಿಡದೆ ನಡೆದಿದ್ದರೆ 1,200 ಮೆಗಾಬೈಟ್ ಸಾಗಿಸುತ್ತಿತ್ತು. ಸತ್ತ ಫೈಬರ್ ಡಯಲ್-ಅಪ್‌ಗಿಂತಲೂ ನಿಧಾನ.

ಜೀವಂತ ಸಂಪರ್ಕದಲ್ಲಿಯೂ ‘ವರೆಗೆ’ ಎಂಬ ಪದವನ್ನು ಗಮನಿಸಬೇಕು. ಅದು ಗರಿಷ್ಠವನ್ನು ಹೇಳುತ್ತದೆ, ಕನಿಷ್ಠವನ್ನಲ್ಲ. ಒಂದೇ ಸಂಪರ್ಕವನ್ನು ಪಂಚಾಯಿತಿ, ಶಾಲೆ, ಆಸ್ಪತ್ರೆ ಹಂಚಿಕೊಂಡರೆ ಪ್ರತಿಯೊಬ್ಬರ ಪಾಲು ಕುಗ್ಗುತ್ತದೆ. ಕಳುಹಿಸುವ ವೇಗವೂ ಅಷ್ಟೇ ಮುಖ್ಯ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದೊಳಕ್ಕೆ ನುಗ್ಗಿದ್ದನ್ನು ಈ ಭಾಗದ ಜನ ಮರೆತಿಲ್ಲ. ಅಂತಹ ಹೊತ್ತಿನಲ್ಲಿ ಕುಸಿದ ಮನೆಯ ಚಿತ್ರ ಊರಿನಿಂದ ಹೊರಗೆ ಹೋಗಬೇಕು. ಪರಿಹಾರದ ಕಡತ ಅದನ್ನು ಅವಲಂಬಿಸಿರುತ್ತದೆ.

ಹುಕ್ಕೇರಿ ತಾಲ್ಲೂಕಿನಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ವಿದ್ಯುತ್ ವಿತರಣೆಯಂತಹ ಹೊಣೆಯನ್ನೂ ಸ್ಥಳೀಯವಾಗಿ ಹೊರಬಹುದೆಂಬುದಕ್ಕೆ ಉದಾಹರಣೆ. ಮನೆಯಲ್ಲಿ ದೀಪ ಉರಿಯದಿದ್ದರೆ ಕಂಬಗಳ ಸಂಖ್ಯೆಯಿಂದ ಯಾರಿಗೂ ಸಮಾಧಾನವಾಗದು. ಫೈಬರ್‌ಗೂ ಇದೇ ಮಾತು ಅನ್ವಯಿಸುತ್ತದೆ. ಕೇಬಲ್ ತುಂಡಾದಾಗ ಯಾರನ್ನು ಕೇಳಬೇಕು, ಎಷ್ಟು ಗಂಟೆಯಲ್ಲಿ ಸರಿಯಾಗಬೇಕು ಎಂಬುದು ತಾಲ್ಲೂಕಿನಲ್ಲೇ ನಿರ್ಧಾರವಾಗಿರಬೇಕು.

ಆಗಬೇಕಾದುದು ಇಷ್ಟೇ. ಪ್ರತಿ ಪಂಚಾಯಿತಿಯ ಸೂಚನಾ ಫಲಕದಲ್ಲಿ ಕಳೆದ ತಿಂಗಳು ಸಂಪರ್ಕ ಎಷ್ಟು ಗಂಟೆ ಇತ್ತು, ತರಿಸುವ ಹಾಗೂ ಕಳುಹಿಸುವ ವೇಗ ಎಷ್ಟು ಸಿಕ್ಕಿತು, ಒಂದು ಅರ್ಜಿಗೆ ಎಷ್ಟು ಹೊತ್ತು ಹಿಡಿಯಿತು ಎಂಬ ಮೂರು ಸಂಖ್ಯೆಗಳನ್ನು ಪ್ರಕಟಿಸಲಿ. ಇದಕ್ಕೆ ಹೊಸ ಯೋಜನೆಯಾಗಲಿ ಭಾರಿ ಅನುದಾನವಾಗಲಿ ಬೇಕಿಲ್ಲ. ದಿನದ ಕೂಲಿ ಬಿಟ್ಟು ಕಿಂಡಿಯ ಮುಂದೆ ನಿಂತವನಿಗೆ ಬಿಟ್ಟೂ ಬೈಟೂ ಒಂದೇ. ಅವನು ಅಳೆಯುವುದು ಮನೆಗೆ ಮರಳುವ ಹೊತ್ತನ್ನು. ಆಡಳಿತವೂ ಅದನ್ನೇ ಅಳೆಯುವುದು ನ್ಯಾಯ.